ಗೆದ್ದವನನ್ನು ಗೆಲ್ಲುವ ಬಗೆ

ಸದಾಶಿವಗಡದ ಗುಡ್ಡವನ್ನೇರಿ ಸಂಜೆಯ ಹೊತ್ತು ನಿಂತರೆ, ಕಾಳಿ ನದಿಯು ಕಡಲನ್ನು ಕೂಡುವ ಠಾವು ಕಣ್ಣೆದುರಿಗೇ ಇರುತ್ತದೆ. ಆಚೆಯ ದಡದಲ್ಲಿ ಕಾರವಾರ, ಈಚೆಯ ದಡದಲ್ಲಿ ನಮ್ಮೂರು, ನಡುವೆ ಸೇತುವೆ. ಈ ಗುಡ್ಡದ ಮೇಲೆ ಕೋಟೆಯನ್ನು ಕಟ್ಟಿಸಿದವರು ಸೋದೆಯ ಅರಸರು. ಅವರ ಕೈಯಿಂದ ಅದು ಪೋರ್ತುಗೀಜರಿಗೆ, ಪೋರ್ತುಗೀಜರಿಂದ ಹೈದರನಿಗೆ, ಮುಂದೆ ಇಂಗ್ಲಿಷರಿಗೆ ಹೋಯಿತು. ಬಂದವರೊಬ್ಬೊಬ್ಬರೂ ಇನ್ನು ತಮ್ಮನ್ನು ಇಲ್ಲಿಂದ ಕದಲಿಸುವವರಿಲ್ಲವೆಂದೇ ನಂಬಿದ್ದಿರಬೇಕು. ಇಂದು ಅಲ್ಲಿ ಆಳುವವರು ಯಾರೂ ಇಲ್ಲ. ದುರ್ಗಾದೇವಿಯ ಗುಡಿಯಲ್ಲಿ ಗಂಟೆ ಕೇಳುತ್ತದೆ. ಮುರಿದ ಗೋಡೆಗಳ ನಡುವೆ ಹುಲ್ಲು ಬೆಳೆಯುತ್ತದೆ.

ಇತಿಹಾಸದ ಪಾಠವನ್ನು ಒಪ್ಪಿಸಬೇಕೆಂದು ನಾನು ಇದನ್ನು ಬರೆಯಲು ಕುಳಿತಿಲ್ಲ. ಈ ಗುಡ್ಡದ ಬುಡದಲ್ಲಿ ಬೆಳೆದ ಹುಡುಗನೊಬ್ಬ ಕೇಳಿದ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಇಲ್ಲಿ ಹುಡುಕಲು ಯತ್ನಿಸಿದ್ದೇನೆ, ಅಷ್ಟೆ.

ಹುಡುಗ ನನ್ನ ವಿದ್ಯಾರ್ಥಿ. ಮನೆಮಾತು ಕೊಂಕಣಿ, ತಂದೆ ದೋಣಿಯಲ್ಲಿ ದುಡಿಯುವವರು. ಬ್ಯಾಡ್ಮಿಂಟನ್ ಆಟದಲ್ಲಿ ಅವನಿಗೆ ಒಳ್ಳೆಯ ಕೈಯಿದೆ. ಆದರೆ ಕಾಲೇಜುಗಳ ನಡುವಣ ಪಂದ್ಯದಲ್ಲಿ ಎರಡು ವರ್ಷವೂ ಒಬ್ಬನೇ ಎದುರಾಳಿಗೆ, ತನಗಿಂತ ಒಂದು ತರಗತಿ ಮುಂದಿದ್ದ ಆಚೆ ದಡದ ಹುಡುಗನಿಗೆ, ಸೋತು ಬಂದ. ಎರಡನೆಯ ಸೋಲಿನ ಮರುದಿನ ಗೆಳೆಯನೊಬ್ಬನೊಡನೆ ನಮ್ಮ ಮನೆಯ ಜಗುಲಿಯ ಮೇಲೆ ಬಂದು ಕುಳಿತವನು, “ಇನ್ನು ಬ್ಯಾಟು ಮುಟ್ಟುವುದಿಲ್ಲ, ಸರ್,” ಎಂದ. ಗೆಳೆಯ ಸಮಾಧಾನ ಹೇಳಿದ: “ಅವನ ಡಿಗ್ರಿ ಈ ವರ್ಷ ಮುಗಿಯುತ್ತದೆಯಲ್ಲ, ಬರುವ ವರ್ಷ ಕಪ್ಪು ನಿನ್ನದೇ ಬಿಡು.” ಹುಡುಗ ಅವನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ ಕೇಳಿದ: “ಅವನು ಹೋದಮೇಲೆ ಗೆದ್ದರೆ ಅದು ಗೆಲುವೇ, ಸರ್?”

ಕಾಲದ ಕೆಲಸ

ಆ ಗೆಳೆಯ ಸುಮ್ಮನಿರುವವನಲ್ಲ. ಬಾಗಿಲಿಂದ ಕಾಣುವ ನದಿಯ ಕಡೆಗೆ ಕೈ ತೋರಿಸಿ, “ಹಳೆಯದು ತಾನಾಗಿಯೇ ಬೀಳುತ್ತದೆ, ಸರ್, ನಮ್ಮ ಸೇತುವೆ ಬೀಳಲಿಲ್ಲವೆ?” ಎಂದ. 2024ರ ಆಗಸ್ಟ್ 7ರ ನಟ್ಟಿರುಳಿನಲ್ಲಿ ಕಾಳಿಯ ಹಳೆಯ ಸೇತುವೆ ಕುಸಿದುದನ್ನು ನಮ್ಮೂರಿನವರು ಮರೆಯುವಂತಿಲ್ಲ. ಮೇಲಿದ್ದ ಲಾರಿ ಹೊಳೆಗೆ ಬಿತ್ತು; ಚಾಲಕನನ್ನು ಜೀವಸಹಿತ ಮೇಲೆ ತಂದರು. ನಾಲ್ವತ್ತೊಂದು ವರ್ಷದ ಸೇತುವೆ, ಹೆಚ್ಚುಕಡಮೆ ನನ್ನ ಓರಗೆಯದು. ಮರುದಿನದಿಂದ ಪಕ್ಕದ ಹೊಸ ಸೇತುವೆಯೇ ಎರಡೂ ದಿಕ್ಕಿನ ಭಾರವನ್ನು ಹೊತ್ತಿತು.

ಹುಡುಗನ ಗೆಳೆಯ ಹೇಳಿದ್ದು ಲೋಕರೂಢಿಯ ಮಾತು. ಎಂಥ ವೀರನಾದರೂ ಮುಪ್ಪನ್ನು ಗೆಲ್ಲಲಾರ. ಕಿರಿಯರು ಕಾದರೆ ಸಾಕು, ಪಟ್ಟ ತಾನಾಗಿ ಕೈಗೆ ಬರುತ್ತದೆ. ಕೇಳಲು ಇದು ಸರಿಯೆನಿಸುತ್ತದೆ. ಆದರೆ ನಮ್ಮ ಕಣ್ಣೆದುರಿನಲ್ಲೇ ಜಗತ್ತಿನ ಟೆನಿಸ್ ಅಂಗಳದಲ್ಲಿ ನಡೆದುದನ್ನು ಲೆಕ್ಕ ಹಾಕಿ ನೋಡಿದರೆ, ಈ ಮಾತು ನಿಲ್ಲುವುದಿಲ್ಲ.

ಆ ಆಟದಲ್ಲಿ ವರ್ಷಕ್ಕೆ ನಾಲ್ಕು ದೊಡ್ಡ ಪಂದ್ಯಾವಳಿಗಳು: ಆಸ್ಟ್ರೇಲಿಯ, ಫ್ರಾನ್ಸ್, ಇಂಗ್ಲೆಂಡಿನ ವಿಂಬಲ್ಡನ್, ಅಮೆರಿಕ. 2003ರ ವಿಂಬಲ್ಡನ್ನಿನಿಂದ 2023ರ ಕೊನೆಯ ತನಕ ಗಂಡಸರ ವಿಭಾಗದಲ್ಲಿ ಇಂಥವು 81 ನಡೆದವು. ಅವುಗಳಲ್ಲಿ 66ನ್ನು ಮೂವರೇ ಹಂಚಿಕೊಂಡರು: ಫೆಡರರ್ 20, ನಡಾಲ್ 22, ಜೊಕೊವಿಚ್ 24. ಇಪ್ಪತ್ತು ವರ್ಷವೆಂದರೆ ಆಟದ ಲೋಕದಲ್ಲಿ ಎರಡು ತಲೆಮಾರು. ಅಷ್ಟು ಕಾಲ ಕಿರಿಯರು ಕಾದರಲ್ಲವೆ? ಕಾದು ಏನಾಯಿತು? 1990ರಿಂದ 1999ರ ವರೆಗಿನ ಹತ್ತು ವರ್ಷಗಳಲ್ಲಿ ಹುಟ್ಟಿದ ಎಷ್ಟೋ ಪ್ರತಿಭಾವಂತರಲ್ಲಿ, 2025ರ ಕೊನೆಯವರೆಗೆ ದೊಡ್ಡ ಪ್ರಶಸ್ತಿಯನ್ನು ಎತ್ತಿದ ಗಂಡಸರು ಇಬ್ಬರೇ, ತಲಾ ಒಂದೊಂದು ಬಾರಿ. ಉಳಿದವರು ಹಿರಿಯರ ಮುಪ್ಪನ್ನು ಕಾಯುತ್ತ ತಾವೇ ಮುಪ್ಪಾದರು.

ಆ ಇಬ್ಬರ ಗೆಲುವುಗಳನ್ನು ಹುಡುಗನ ಪ್ರಶ್ನೆಯ ಬೆಳಕಿನಲ್ಲಿ ನೋಡಬೇಕು. ಆಸ್ಟ್ರಿಯದ ಡೊಮಿನಿಕ್ ಥೀಮ್ 2020ರಲ್ಲಿ ಅಮೆರಿಕದ ಪ್ರಶಸ್ತಿಯನ್ನು ಗೆದ್ದ. ಆ ಸಲ ಫೆಡರರ್, ನಡಾಲ್ ಆಡಲು ಬಂದಿರಲಿಲ್ಲ. ಜೊಕೊವಿಚ್ ನಡುವೆಯೇ ಅನರ್ಹನಾಗಿ ಹೊರಬಿದ್ದಿದ್ದ. ಅಂತಿಮ ಪಂದ್ಯದಲ್ಲಿ ಎರಡು ಸೆಟ್ ಸೋತು ಹಿಂದೆ ಬಿದ್ದಲ್ಲಿಂದ ಎದ್ದುಬಂದ ಥೀಮನ ಕೆಚ್ಚನ್ನು ಯಾರೂ ಅಲ್ಲಗಳೆಯಲಾರರು. ಆದರೂ ಅದು ತೆರವಾದ ಗದ್ದುಗೆಯನ್ನು ಏರಿದಂತೆಯೇ ಹೊರತು, ಗದ್ದುಗೆಯ ಮೇಲಿದ್ದವನನ್ನು ಇಳಿಸಿದಂತೆ ಅಲ್ಲ. ಮರುವರ್ಷ ಅದೇ ಅಂಗಳದಲ್ಲಿ ರಷ್ಯದ ಡೇನಿಯಲ್ ಮೆಡ್ವೆಡೆವ್, ಆ ವರ್ಷದ ನಾಲ್ಕೂ ಪ್ರಶಸ್ತಿಗಳಿಗೆ ಒಂದೇ ಹೆಜ್ಜೆ ದೂರದಲ್ಲಿದ್ದ ಜೊಕೊವಿಚನನ್ನು 6-4, 6-4, 6-4ರಿಂದ ನೇರವಾಗಿ ಸೋಲಿಸಿದ. ಎರಡೂ ಗೆಲುವೇ. ಆದರೆ ಎರಡರ ತೂಕ ಒಂದೇ ಅಲ್ಲವೆಂಬುದನ್ನು ಜಗುಲಿಯ ಮೇಲೆ ಕುಳಿತ ಹುಡುಗ ಯಾರೂ ಹೇಳಿಕೊಡದೆಯೇ ಅರಿತಿದ್ದ.

ಸೇತುವೆಗೂ ಮನುಷ್ಯನಿಗೂ ಭೇದವಿದೆ. ಸೇತುವೆ ವರ್ಷಕಳೆದಂತೆ ಕಲಿಯುವುದಿಲ್ಲ; ದೊಡ್ಡ ಆಟಗಾರ ಕಲಿಯುತ್ತಾನೆ. ಕಾಲ ಅವನ ಕಾಲಿನಿಂದ ಕಿತ್ತುಕೊಂಡದ್ದನ್ನು ತಲೆಗೆ ಹಿಂದಿರುಗಿಸುತ್ತದೆ. ಎಲ್ಲಿ ಓಡಬೇಕು ಎಂಬುದರ ಜೊತೆಗೆ ಎಲ್ಲಿ ಓಡಬೇಕಾಗಿಲ್ಲ ಎಂಬುದೂ ಅವನಿಗೆ ತಿಳಿದಿರುತ್ತದೆ. ಅಂಕಗಳು ಸಮಸಮವಾಗಿ ನಿಂತ ಕೊನೆಯ ಗಳಿಗೆಯಲ್ಲಿ ಕಿರಿಯನ ಕೈ ಬಿಗಿಯುತ್ತದೆ. ಹಿರಿಯನ ಕೈ ಮೊದಲಿನ ಹಾಗೆಯೇ ಆಡುತ್ತದೆ. ಚಾಂಪಿಯನ್ನನ ಅರ್ಧ ಬಲ ಅವನ ತೋಳಿನಲ್ಲಿದ್ದರೆ ಉಳಿದರ್ಧ ಎದುರಾಳಿಯ ಎದೆಯಲ್ಲಿರುತ್ತದೆ. ಆ ಅರ್ಧವನ್ನು ಕಾಲ ಕಿತ್ತುಹಾಕಲಾರದು, ಎದುರಾಳಿಯೇ ಕಿತ್ತುಹಾಕಬೇಕು.

ಸೋಲಿನ ಪಾಠಶಾಲೆ

ಹಾಗಾದರೆ ನಿಜವಾಗಿ ಮೀರಿ ನಡೆದವರು ಮಾಡಿದುದೇನು? ಅವರ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಎಲ್ಲೆಡೆಯೂ ಒಂದು ಸಂಗತಿ ಎದುರಾಗುತ್ತದೆ: ಗೆಲ್ಲುವುದಕ್ಕೆ ಮೊದಲು ಅವರು ಅದೇ ಎದುರಾಳಿಗೆ, ಬಹುಶಃ ಅದೇ ಅಂಗಳದಲ್ಲಿ, ಸೋತಿದ್ದರು.

ವಿಂಬಲ್ಡನ್ನಿನ ಹುಲ್ಲಿನ ಅಂಗಳದಲ್ಲಿ ಫೆಡರರ್ ಸತತವಾಗಿ ಐದು ವರ್ಷ ಅರಸನಾಗಿದ್ದ. ನಡಾಲ್ 2006ರ ಅಂತಿಮ ಪಂದ್ಯದಲ್ಲಿ ಅವನಿಗೆ ನಾಲ್ಕು ಸೆಟ್ಟುಗಳಲ್ಲಿ ಸೋತ. ಮೊದಲ ಸೆಟ್ಟಿನಲ್ಲಿ ಒಂದು ಗೇಮೂ ದಕ್ಕಲಿಲ್ಲ. 2007ರಲ್ಲಿ ಐದು ಸೆಟ್ಟುಗಳ ವರೆಗೆ ಎಳೆದು ಸೋತ. 2008ರಲ್ಲಿ ನಾಲ್ಕು ಗಂಟೆ ನಾಲ್ವತ್ತೆಂಟು ನಿಮಿಷ ಹೋರಾಡಿ, ಕೊನೆಯ ಸೆಟ್ಟನ್ನು 9-7ರಿಂದ ಗೆದ್ದ. ಮೂರನೆಯ ವರ್ಷದ ಗೆಲುವನ್ನು ಮಾತ್ರ ಲೋಕ ನೆನೆಯುತ್ತದೆ. ಆದರೆ ಮೊದಲೆರಡು ವರ್ಷದ ಸೋಲುಗಳಿಲ್ಲದೆ ಅದು ಒದಗುತ್ತಿತ್ತೆ?

ಈಚಿನ ಉದಾಹರಣೆ ಇನ್ನೂ ಸ್ಪಷ್ಟ. 2023ರ ಜೂನಿನಲ್ಲಿ ಫ್ರಾನ್ಸಿನ ಸೆಮಿಫೈನಲ್ ಪಂದ್ಯದಲ್ಲಿ ಸ್ಪೇನಿನ ಕಾರ್ಲೊಸ್ ಅಲ್ಕರಾಜ್ ಎಂಬ ಇಪ್ಪತ್ತರ ತರುಣ ಜೊಕೊವಿಚನೆದುರು ಒಂದೊಂದು ಸೆಟ್ಟಿನ ಸಮಬಲದಲ್ಲಿದ್ದಾಗ ಅವನ ಮೈಯ ಸ್ನಾಯುಗಳು ಹಿಡಿದುಕೊಂಡವು. ಮುಂದಿನ ಎರಡು ಸೆಟ್ಟುಗಳಲ್ಲಿ ಒಂದೊಂದೇ ಗೇಮು ದಕ್ಕಿತು. ದಣಿವಲ್ಲ, ಎದುರಿಗಿದ್ದವನ ಹೆಸರು ಹುಟ್ಟಿಸಿದ ಬಿಗುಪೇ ಅದಕ್ಕೆ ಕಾರಣವೆಂದು ಆತನೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ನನಗೆ ಮುಖ್ಯವಾಗಿ ಕಾಣುವುದು ಈ ಒಪ್ಪಿಗೆ. ತನ್ನ ಸೋಲು ಎಲ್ಲಿ ಹುಟ್ಟಿತೆಂಬುದನ್ನು ಕಂಡುಕೊಂಡವನು ಅರ್ಧ ಗೆದ್ದಂತೆ. ತಿಂಗಳು ಕಳೆದು ವಿಂಬಲ್ಡನ್ನಿನ ಅಂತಿಮ ಪಂದ್ಯದಲ್ಲಿ ಅದೇ ಇಬ್ಬರು ಎದುರಾದರು. ಮೊದಲ ಸೆಟ್ 6-1ರಿಂದ ಹಿರಿಯನಿಗೆ ಹೋದಾಗ ಹಳೆಯ ಕಥೆಯೇ ಮರುಕಳಿಸಿತೆಂದು ನೋಡಿದವರು ಅಂದುಕೊಂಡರು. ಈ ಸಲ ತರುಣನ ಮೈ ಬಿಗಿಯಲಿಲ್ಲ. ನಾಲ್ಕು ಗಂಟೆ ನಾಲ್ವತ್ತೆರಡು ನಿಮಿಷದ ಬಳಿಕ ಐದನೆಯ ಸೆಟ್ಟು 6-4ರಿಂದ ಅವನದಾಯಿತು.

ಇಟಲಿಯ ಯಾನಿಕ್ ಸಿನ್ನರ್ ಕೂಡ 2023ರ ವಿಂಬಲ್ಡನ್ ಸೆಮಿಫೈನಲ್ಲಿನಲ್ಲಿ ಜೊಕೊವಿಚನಿಗೆ ಸೋತವನೇ. 2024ರ ಜನವರಿಯಲ್ಲಿ, ಹತ್ತು ಸಲ ಪ್ರಶಸ್ತಿ ಗೆದ್ದು ಜೊಕೊವಿಚ್ ತನ್ನ ಮನೆಯಂಗಳವೆಂಬಂತೆ ಮಾಡಿಕೊಂಡಿದ್ದ ಆಸ್ಟ್ರೇಲಿಯದಲ್ಲೇ, ಸಿನ್ನರ್ ಅವನನ್ನು ಸೆಮಿಫೈನಲ್ಲಿನಲ್ಲಿ ಸೋಲಿಸಿದ. 2024 ಮತ್ತು 2025ರ ಎಂಟೂ ದೊಡ್ಡ ಪ್ರಶಸ್ತಿಗಳು ಈ ಇಬ್ಬರು ಕಿರಿಯರಲ್ಲೇ ಹಂಚಿಹೋದವು. ನಡುವಣ ತಲೆಮಾರಿಗೆ ಇಪ್ಪತ್ತು ವರ್ಷ ಸಾಧ್ಯವಾಗದ್ದು ಇವರಿಗೆ ಸಾಧ್ಯವಾದುದು ಜೊಕೊವಿಚನಿಗೆ ವಯಸ್ಸಾದುದರಿಂದ ಮಾತ್ರವಲ್ಲ. ಹಿರಿಯನು ಆಟದಲ್ಲಿ ತಂದ ಹೊಸತೆಲ್ಲವೂ ಇವರಿಗೆ ಬಾಲ್ಯದ ಅಕ್ಷರಾಭ್ಯಾಸವಾಗಿತ್ತು. ಅವನು ಮುಟ್ಟಿದ ತುದಿ ಇವರಿಗೆ ಮೊದಲ ಮೆಟ್ಟಿಲಾಯಿತು.

ಪಡುಕೋಣೆಯ ಸರಪಳಿ

ಇವು ದೂರದ ದೇಶಗಳ ಮಾತಾಯಿತು. ನಮ್ಮ ಹುಡುಗ ಆಡುವುದು ಟೆನಿಸ್ ಅಲ್ಲ, ಬ್ಯಾಡ್ಮಿಂಟನ್. ಆ ಆಟದ ದೊಡ್ಡ ಕಥೆಯೊಂದರ ಬೇರು ನಮ್ಮ ಕರಾವಳಿಯಲ್ಲೇ ಇದೆ. ಸದಾಶಿವಗಡದಿಂದ ಸೇತುವೆ ದಾಟಿ ಹೆದ್ದಾರಿಯನ್ನು ಹಿಡಿದು ತೆಂಕಣಕ್ಕೆ ಸಾಗಿದರೆ, ಅಂಕೋಲೆ, ಹೊನ್ನಾವರ, ಭಟ್ಕಳಗಳನ್ನು ಕಳೆದು ಮರವಂತೆಯ ಕಡೆ ಬರುವಾಗ ಪಡುಕೋಣೆ ಎಂಬ ಹಳ್ಳಿ ಸಿಗುತ್ತದೆ. ಪ್ರಕಾಶ್ ಪಡುಕೋಣೆಯವರ ಮನೆತನದ ಮೂಲ ಊರು ಅದು. ಅವರು ಹುಟ್ಟಿದ್ದು 1955ರಲ್ಲಿ, ಬೆಂಗಳೂರಿನಲ್ಲಿ. ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಹಾಲಿನಲ್ಲಿ. ಮದುವೆಯಿದ್ದ ದಿನ ಆಟವಿಲ್ಲ. ಇಲ್ಲದ ದಿನ ಶಾಲೆ ಬಿಟ್ಟೊಡನೆ ಅಲ್ಲಿಗೆ ಓಟ. ನಮ್ಮ ಹುಡುಗರು ಸರಿಯಾದ ಅಂಗಳವಿಲ್ಲವೆಂದು ಹೇಳುವಾಗ ಈ ಮದುವೆಯ ಹಾಲನ್ನು ನಾನು ಅವರಿಗೆ ನೆನಪಿಸುವುದುಂಟು.

ಪ್ರಕಾಶರಿಗೆ ಮುನ್ನ ಭಾರತದ ಬ್ಯಾಡ್ಮಿಂಟನ್ನಿನಲ್ಲಿ ದೊಡ್ಡ ಹೆಸರು ನಂದು ನಾಟೇಕರರದು. ನಾಟೇಕರರು ಮೊದಲು ಟೆನಿಸ್ ಆಡುತ್ತಿದ್ದವರು. ಕಿರಿಯರ ರಾಷ್ಟ್ರೀಯ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ ರಾಮನಾಥನ್ ಕೃಷ್ಣನ್ನರಿಗೆ ಸೋತ ಬಳಿಕ ಆ ಆಟವನ್ನು ಬಿಟ್ಟು ಬ್ಯಾಡ್ಮಿಂಟನ್ನಿಗೆ ಬಂದರು. ಮುಂದೆ ವಿಂಬಲ್ಡನ್ನಿನಲ್ಲಿ 1960 ಮತ್ತು 1961ರಲ್ಲಿ ಸೆಮಿಫೈನಲ್ ತಲುಪಿದ ಕೃಷ್ಣನ್ನರನ್ನು ಆ ಅಂಗಳದಲ್ಲಿ ಮೀರುವುದು ಕಷ್ಟವೆಂದು ನಾಟೇಕರರಿಗೆ ಮೊದಲೇ ತೋರಿತ್ತೋ ಏನೊ. ಆದರೆ ಅವರು ಆಡುವುದನ್ನೇ ಬಿಡಲಿಲ್ಲ. ತಮ್ಮ ಕೈಗೆ ಒಗ್ಗುವ ಅಂಗಳವನ್ನು ಅರಸಿಕೊಂಡರು. 1956ರಲ್ಲಿ ಕೌಲಾಲಂಪುರದಲ್ಲಿ ಗೆದ್ದು, ಬ್ಯಾಡ್ಮಿಂಟನ್ನಿನಲ್ಲಿ ವಿದೇಶದ ಪ್ರಶಸ್ತಿ ತಂದ ಮೊದಲ ಭಾರತೀಯರಾದರು. ಗೆದ್ದವನ ಎದುರಿನಿಂದ ಸರಿಯುವುದಕ್ಕೂ ಒಂದು ಮರ್ಯಾದೆಯ ದಾರಿಯುಂಟೆಂಬುದಕ್ಕೆ ಇದು ಸಾಕ್ಷಿ.

ಪ್ರಕಾಶರು ಹದಿನಾರನೆಯ ವಯಸ್ಸಿನಲ್ಲಿ, 1971ರಲ್ಲಿ, ರಾಷ್ಟ್ರದ ಚಾಂಪಿಯನ್ನರಾದರು. ಆ ಪಟ್ಟ 1979ರ ವರೆಗೆ ಒಂಬತ್ತು ಸಲ ಸತತವಾಗಿ ಅವರಲ್ಲೇ ಉಳಿಯಿತು. ಈ ಒಂಬತ್ತು ವರ್ಷ ದೇಶದಲ್ಲಿ ಅವರೇ ‘ಮೀರಲಾಗದವರು’. ಆದರೆ ಹೊರಗೆ ಅವರೂ ಕಿರಿಯರೇ. ಅಲ್ಲಿ ಮೀರಲಾಗದವನಾಗಿ ನಿಂತವನು ಇಂಡೊನೇಷ್ಯದ ರೂಡಿ ಹಾರ್ತೊನೊ. ಬ್ಯಾಡ್ಮಿಂಟನ್ನಿನ ಅತ್ಯಂತ ಹಳೆಯ ಗೌರವದ ಪಂದ್ಯಾವಳಿಯಾದ ಆಲ್ ಇಂಗ್ಲೆಂಡನ್ನು ಆತ 1968ರಿಂದ 1974ರ ತನಕ ಏಳು ಸಲ ಒಂದೇ ಸಮನೆ ಗೆದ್ದ. 1976ರಲ್ಲಿ ಎಂಟನೆಯ ಬಾರಿ. ಆ ಎಂಟನೆಯ ಗೆಲುವಿನಲ್ಲಿ ಸೋತ ಹುಡುಗ ಅದೇ ದೇಶದ ಲಿಯೆಮ್ ಸ್ವೀ ಕಿಂಗ್. ಎರಡು ವರ್ಷದ ತರುವಾಯ, 1978ರಲ್ಲಿ, ಅದೇ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಕಿಂಗ್ ತನ್ನ ಹಿರಿಯನನ್ನು 15-10, 15-3ರಿಂದ ಸೋಲಿಸಿದ. ಮೇಲಕ್ಕೆ ನೆಗೆದು ಗಾಳಿಯಲ್ಲೇ ಹೊಡೆಯುವ ಅವನ ಸ್ಮ್ಯಾಷಿಗೆ ಎದುರಿಲ್ಲವೆಂದು ಎಲ್ಲರೂ ಹೇಳಿದರು. 1979ರಲ್ಲೂ ಅವನೇ ಗೆದ್ದ.

1980ರ ಮಾರ್ಚ್ 23ರಂದು ಲಂಡನ್ನಿನ ವೆಂಬ್ಲಿಯಲ್ಲಿ ಆ ಕಿಂಗನ ಎದುರಿಗೆ ನಿಂತವರು ಪ್ರಕಾಶರು. ಅದಕ್ಕೆ ಮುಂಚಿನ ವಾರಗಳಲ್ಲಿ ಡೆನ್ಮಾರ್ಕ್, ಸ್ವೀಡನ್ ಪ್ರಶಸ್ತಿಗಳನ್ನು ಗೆದ್ದು ಬಂದಿದ್ದರು. ಅಂದಿನ ಅಂಕಗಳು 15-3, 15-10. ಹೇಗೆ ಗೆದ್ದರೆಂಬುದು ಗೆದ್ದರೆಂಬುದಕ್ಕಿಂತ ಹೆಚ್ಚು ವಿಚಾರಾರ್ಹ. ಕಿಂಗನ ವೇಗಕ್ಕೆ ಪ್ರಕಾಶರು ತಮ್ಮ ವೇಗವನ್ನು ಎದುರು ನಿಲ್ಲಿಸಲಿಲ್ಲ, ಆಟವನ್ನೇ ನಿಧಾನಗೊಳಿಸಿದರು. ಒಮ್ಮೆ ಹಿಂದಿನ ಗೆರೆಯ ವರೆಗೆ ಎತ್ತಿ ಕಳುಹಿಸಿ, ಮತ್ತೊಮ್ಮೆ ಬಲೆಯ ಅಂಚಿನಲ್ಲೇ ಮೆಲ್ಲನೆ ಇಳಿಬಿಟ್ಟು, ಸ್ಮ್ಯಾಷ್ ಹೊಡೆಯಲು ನೆಗೆಯಬೇಕೆಂದವನ ಕಾಲಿನ ತಾಳವನ್ನೇ ಕೆಡಿಸಿದರು. ಚಾಂಪಿಯನ್ನನ ಆಟವನ್ನು ಅವನಿಗಿಂತ ಚೆನ್ನಾಗಿ ಆಡಲು ಹೊರಟವನು ಅವನ ನೆರಳಾಗುತ್ತಾನೆ. ಚಾಂಪಿಯನ್ನನು ತನ್ನ ಆಟವನ್ನು ಆಡದಂತೆ ಮಾಡಿದವನು ಅವನನ್ನು ಗೆಲ್ಲುತ್ತಾನೆ. ಆದರೆ ಹಾಗೆ ಮಾಡಬೇಕಾದರೆ ಅವನ ಆಟವನ್ನು ಅವನಷ್ಟೇ ಬಲ್ಲವನಾಗಿರಬೇಕು. ರೂಡಿ ಹಾರ್ತೊನೊನನ್ನು ತಮ್ಮ ಆದರ್ಶವಾಗಿಟ್ಟುಕೊಂಡು, ಎಳೆಯ ವಯಸ್ಸಿನಲ್ಲೇ ತಮ್ಮ ಆಟವನ್ನು ಆಕ್ರಮಣದ ಕಡೆಗೆ ತಿರುಗಿಸಿಕೊಂಡಿದ್ದ ಪ್ರಕಾಶರಿಗೆ ಇಂಡೊನೇಷ್ಯದ ವಿದ್ಯೆ ಹೊಸದಾಗಿರಲಿಲ್ಲ. ಅದನ್ನು ಬಲ್ಲವರಾದುದರಿಂದಲೇ ಅದನ್ನು ಬಿಡಿಸಬಲ್ಲವರಾದರು.

ಈ ಸರಪಳಿಯ ಮುಂದಿನ ಕೊಂಡಿಗಳು ಇನ್ನೂ ಸ್ವಾರಸ್ಯವಾಗಿವೆ. ಅದೇ 1980ರಲ್ಲಿ ಜಕಾರ್ತದಲ್ಲಿ ನಡೆದ ವಿಶ್ವಸ್ಪರ್ಧೆಯ ಅಂತಿಮ ಪಂದ್ಯದಲ್ಲಿ, ಮುಗಿದುಹೋದನೆಂದು ಎಣಿಸಿದ್ದ ಮೂವತ್ತರ ರೂಡಿ ಹಾರ್ತೊನೊ ಕಿಂಗನನ್ನು 15-9, 15-9ರಿಂದ ಸೋಲಿಸಿ ವಿಶ್ವ ಚಾಂಪಿಯನ್ನನಾದ. ಒಂದೇ ವರ್ಷದಲ್ಲಿ ಮುಂದಿನವನಿಗೂ ಸೋಲು, ಹಿಂದಿನವನಿಗೂ ಸೋಲು! ಕಿಂಗ್ ಬ್ಯಾಟು ಕೆಳಗಿಟ್ಟನೆ? ಇಲ್ಲ. 1981ರ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯದಲ್ಲಿ ಮೊದಲ ಗೇಮನ್ನು ಕಳೆದುಕೊಂಡೂ ಪ್ರಕಾಶರನ್ನು ಸೋಲಿಸಿ ಪಟ್ಟವನ್ನು ಮರಳಿ ಪಡೆದ. ಇತ್ತ 1980ರಲ್ಲೇ ರಾಷ್ಟ್ರೀಯ ಸ್ಪರ್ಧೆಯಲ್ಲಿ ಪ್ರಕಾಶರ ಒಂಬತ್ತು ವರ್ಷದ ಆಳ್ವಿಕೆಯನ್ನು ಗೋರಖಪುರದ ಕಡೆಯ ಹುಡುಗ ಸೈಯದ್ ಮೋದಿ ಕೊನೆಗಾಣಿಸಿದರು. ಜಗತ್ತನ್ನು ಗೆದ್ದ ವರ್ಷವೇ ಮನೆಯಲ್ಲಿ ಪಟ್ಟ ತಪ್ಪಿತು! ಮೋದಿ 1987ರ ವರೆಗೆ ಎಂಟು ಸಲ ಸತತವಾಗಿ ರಾಷ್ಟ್ರ ಚಾಂಪಿಯನ್ನರಾದರು. 1982ರಲ್ಲಿ ಕಾಮನ್‌ವೆಲ್ತ್ ಕ್ರೀಡೆಯ ಚಿನ್ನವನ್ನು ಗೆದ್ದರು. 1988ರ ಜುಲೈ 28ರಂದು ಲಖನೌದಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರ ವಯಸ್ಸು ಇಪ್ಪತ್ತೈದು. ಆಟದಲ್ಲಿ ಸೋಲುವುದು ಎಷ್ಟು ದೊಡ್ಡ ಭಾಗ್ಯವೆಂಬುದು ಇಂಥ ಸಾವುಗಳ ಮುಂದೆ ನಿಂತಾಗ ತಿಳಿಯುತ್ತದೆ.

ಮನೆಯ ಪಟ್ಟ ಹೋಯಿತೆಂದು ಪ್ರಕಾಶರ ಆಟ ಮುಗಿಯಲಿಲ್ಲ. ಡೆನ್ಮಾರ್ಕಿನಲ್ಲಿ ನೆಲೆಸಿ ಅಭ್ಯಾಸ ಮಾಡಿದರು. 1981ರಲ್ಲಿ ಕೌಲಾಲಂಪುರದ ವಿಶ್ವಕಪ್ಪಿನಲ್ಲಿ ಚೀನದ ಹಾನ್ ಜಿಯಾನನನ್ನು 15-0, 18-16ರಿಂದ ಸೋಲಿಸಿದರು. 1983ರ ವಿಶ್ವಸ್ಪರ್ಧೆಯಲ್ಲಿ ಕಂಚನ್ನು ಗೆದ್ದರು. ಮೀರುವುದು ಒಂದು ದಿನದ ಘಟನೆಯಲ್ಲ. ಅದು ಮೀರಿದವನೂ ಮೀರಿಸಿಕೊಂಡವನೂ ಕೂಡಿ ನಡೆಸುವ ಬಹುವರ್ಷದ ವ್ಯವಹಾರ.

ಮಣಿಪುರದ ಮಗ

ಸಾಹಿತ್ಯದ ಮೇಷ್ಟರಿಗೆ ಇಂಥ ಪ್ರಸಂಗದಲ್ಲಿ ಕಾವ್ಯದ ನೆನಪಾಗುವುದು ಸಹಜ. ಶಿಷ್ಯನ ಕೈಯಲ್ಲಿ ಸೋಲುವುದೇ ಗುರುವಿನ ಗೆಲುವೆಂಬ ಭಾವನೆ ನಮ್ಮಲ್ಲಿ ಹಳೆಯದು. ಆದರೆ ಆ ಸೋಲನ್ನು ಗುರು ದಾನವಾಗಿ ಕೊಡುವುದಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿಯೂ ನಮ್ಮ ಬಯಲಾಟಗಳಲ್ಲಿಯೂ ಬರುವ ಬಭ್ರುವಾಹನನ ಕಥೆಯನ್ನು ವಾಚಕರು ಬಲ್ಲರು. ಅಶ್ವಮೇಧದ ಕುದುರೆಯನ್ನು ಕಟ್ಟಿದ ಮಣಿಪುರದ ಆ ಅರಸುಮಗ, ಬಂದವನು ತನ್ನ ತಂದೆಯಾದ ಅರ್ಜುನನೆಂದು ತಾಯಿಯಿಂದ ತಿಳಿದು, ಕಾಣಿಕೆಗಳೊಡನೆ ಹೋಗಿ ಕಾಲಿಗೆರಗುತ್ತಾನೆ. ಅರ್ಜುನ ಅವನನ್ನು ಎತ್ತಿ ಅಪ್ಪಿಕೊಳ್ಳುವುದಿಲ್ಲ, ಹಳಿದು ನೂಕುತ್ತಾನೆ. ಕುದುರೆಯನ್ನು ಕಟ್ಟಿದವನು ಕಾದಬೇಕೇ ಹೊರತು ಕಾಣಿಕೆ ತರಬಾರದೆಂಬುದು ಆ ಕಟುನುಡಿಗಳ ತಿರುಳು. ಆಮೇಲೆ ನಡೆದ ಕಾಳಗದಲ್ಲಿ ಗಾಂಡೀವಿಯ ತಲೆಯೇ ಉರುಳುತ್ತದೆ. ಮಗನೇ ನಾಗಲೋಕದಿಂದ ಮಣಿಯನ್ನು ತರಿಸಿ ತಂದೆಯನ್ನು ಬದುಕಿಸಬೇಕಾಗುತ್ತದೆ.

ಕಥೆಯಲ್ಲಿ ಕ್ರೌರ್ಯವಿದೆ, ನಿಜ. ಆದರೆ ಆಟದ ಒಂದು ಮರ್ಮವೂ ಇದೆ. ದೊಡ್ಡ ಚಾಂಪಿಯನ್ನನ ಎದುರಿಗೆ ಬರುವ ಕಿರಿಯನ ಕೈಯಲ್ಲಿ ಬಹುಮಟ್ಟಿಗೆ ಕಾಣಿಕೆಯ ತಟ್ಟೆಯಿರುತ್ತದೆ. ಚಿಕ್ಕಂದಿನಿಂದ ಅವನ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡವನು, ಎದುರಿಗೆ ನಿಂತಾಗ ಒಳಗೊಳಗೇ ಕೈಮುಗಿದುಬಿಟ್ಟಿರುತ್ತಾನೆ. ಕಲಿಯುವ ಕಾಲದಲ್ಲಿ ಆ ಭಕ್ತಿ ಬೇಕು. ಅದಿಲ್ಲದೆ ಹಿರಿಯನ ವಿದ್ಯೆ ಬರಲಾರದು. ಆದರೆ ಗೆರೆಯೊಳಗೆ ಕಾಲಿಟ್ಟಮೇಲೆ ತಟ್ಟೆಯನ್ನು ಹೊರಗಿಟ್ಟು ಬರಬೇಕು. ಪೂರ್ಣ ಬಲದಿಂದ ಎದುರಿಸುವುದೇ ಆ ಗಳಿಗೆಯ ನಮಸ್ಕಾರ.

ಪ್ಯಾರಿಸಿನ ಒಂದು ದಿನ

ಕಿರಿಯರು ಕಲಿತರೆ, ಧೈರ್ಯಗೊಂಡರೆ ಗೆದ್ದೇ ಗೆಲ್ಲುತ್ತಾರೆಂದು ಇಷ್ಟಕ್ಕೇ ಮುಗಿಸಿದರೆ ಅದು ಸುಳ್ಳಾಗುತ್ತದೆ. ನಮ್ಮ ಹಳೆಯ ಸೇತುವೆ ಬೀಳುವುದಕ್ಕೆ ಮೂರು ದಿನ ಮುಂಚೆ, 2024ರ ಆಗಸ್ಟ್ 4ರಂದು, ಪ್ಯಾರಿಸಿನ ಒಲಿಂಪಿಕ್ಸಿನಲ್ಲಿ ಒಂದೇ ದಿನ ಎರಡು ಪಂದ್ಯಗಳು ನಡೆದವು. ಟೆನಿಸ್ಸಿನ ಅಂತಿಮ ಪಂದ್ಯದಲ್ಲಿ ಮೂವತ್ತೇಳರ ಜೊಕೊವಿಚ್ ಇಪ್ಪತ್ತೊಂದರ ಅಲ್ಕರಾಜನನ್ನು 7-6, 7-6ರಿಂದ ಸೋಲಿಸಿ, ಅದುವರೆಗೆ ತನಗೆ ದಕ್ಕದಿದ್ದ ಒಲಿಂಪಿಕ್ ಚಿನ್ನವನ್ನು ಗೆದ್ದ. ಎರಡು ವಿಂಬಲ್ಡನ್ ಅಂತಿಮ ಪಂದ್ಯಗಳಲ್ಲಿ ತನ್ನನ್ನು ಸೋಲಿಸಿದ್ದ ಹುಡುಗನಿಂದ ಕಲಿತ ಪಾಠವನ್ನು ಹಿರಿಯನೇ ಅವನಿಗೆ ಒಪ್ಪಿಸಿದ.

ಇನ್ನೊಂದು ಪಂದ್ಯ ಬ್ಯಾಡ್ಮಿಂಟನ್ನಿನ ಸೆಮಿಫೈನಲ್. ಒಂದು ಕಡೆ ಹಿಂದಿನ ಒಲಿಂಪಿಕ್ಸಿನ ಚಿನ್ನ ಗೆದ್ದ ಡೆನ್ಮಾರ್ಕಿನ ವಿಕ್ಟರ್ ಆಕ್ಸೆಲ್‌ಸೆನ್. ಇನ್ನೊಂದು ಕಡೆ ಲಕ್ಷ್ಯ ಸೇನ್, ಉತ್ತರಾಖಂಡದ ಅಲ್ಮೋರದಿಂದ ಬಾಲ್ಯದಲ್ಲೇ ಬೆಂಗಳೂರಿಗೆ ಬಂದು, 1994ರಲ್ಲಿ ಪ್ರಕಾಶರು ವಿಮಲ್ ಕುಮಾರರೊಡಗೂಡಿ ಸ್ಥಾಪಿಸಿದ ಅಕಾಡೆಮಿಯಲ್ಲಿ ಬೆಳೆದ ತರುಣ. ಅಂಗಳದ ಬದಿಯ ಕುರ್ಚಿಯಲ್ಲಿ ಪ್ರಕಾಶರೇ ಕುಳಿತಿದ್ದರು. ಲಕ್ಷ್ಯನಿಗೆ ಆಕ್ಸೆಲ್‌ಸೆನ್ ಹೊಸಬನಲ್ಲ. 2022ರಲ್ಲಿ ಜರ್ಮನಿಯಲ್ಲಿ ಒಮ್ಮೆ ಅವನನ್ನು ಗೆದ್ದಿದ್ದ. ಕೆಲವೇ ದಿನಗಳ ಬಳಿಕ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯದಲ್ಲಿ ಅವನಿಗೇ ಸೋತಿದ್ದ. ಪ್ಯಾರಿಸಿನಲ್ಲಿ ಮೊದಲ ಗೇಮು 20-17ರ ವರೆಗೆ ಬಂದಿತು. ಬೇಕಾದುದು ಒಂದೇ ಅಂಕ. ಅದು ಬರಲಿಲ್ಲ, 20-22. ಎರಡನೆಯ ಗೇಮಿನಲ್ಲಿ 7-0 ಮುನ್ನಡೆ. ಅದೂ ಉಳಿಯಲಿಲ್ಲ, 14-21. ಮರುದಿನ ಕಂಚಿನ ಪಂದ್ಯವೂ ಮೊದಲ ಗೇಮನ್ನು ಗೆದ್ದ ಮೇಲೆ ಕೈತಪ್ಪಿತು.

ಬೇಕಾದ ಸೌಕರ್ಯಗಳೆಲ್ಲ ಒದಗಿದ ಮೇಲೆ ಆಟಗಾರರು ಫಲದ ಹೊಣೆಯನ್ನೂ ಹೊರಬೇಕೆಂದು ಪ್ರಕಾಶರು ಅಂದು ಆಡಿದ ಮಾತು ಹಲವರಿಗೆ ಕಟುವಾಗಿ ತೋರಿತು. ನನಗೆ ಆ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಕಾತರ ಕೇಳಿಸಿತು. ಮಲ್ಲೇಶ್ವರದ ಮದುವೆಯ ಹಾಲಿನಿಂದ ವೆಂಬ್ಲಿಯ ವರೆಗೆ ನಡೆದು ಬಂದವರು, ತಾವು ನಡೆದ ದಾರಿಯನ್ನು ಇನ್ನೊಬ್ಬ ದಾಟಿಹೋಗಲೆಂದು ಮೂವತ್ತು ವರ್ಷ ಶಾಲೆ ನಡೆಸಿದವರು. ತಮ್ಮ ಗರಡಿಯಲ್ಲಿ ಪಳಗಿದ್ದ ಪುಲ್ಲೇಲ ಗೋಪೀಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದಾಗ ತಮ್ಮ ಇಪ್ಪತ್ತೊಂದು ವರ್ಷದ ಒಂಟಿತನ ಮುಗಿಯಿತೆಂದು ಅವರಿಗೆ ಅನ್ನಿಸಿರಬೇಕು. ಮಣಿಪುರದ ಅರ್ಜುನನ ಗರ್ವ ಇಲ್ಲಿಲ್ಲ. ಕಾಣಿಕೆ ಬೇಡ, ಗೆಲುವು ತಾ ಎನ್ನುವ ಹಟ ಮಾತ್ರ ಅಲ್ಲಿಯದೇ. ಗೆದ್ದ ಆಕ್ಸೆಲ್‌ಸೆನ್ನನೂ ಪಂದ್ಯದ ಬಳಿಕ, ಮುಂದಿನ ಒಲಿಂಪಿಕ್ಸಿನ ಚಿನ್ನಕ್ಕೆ ಮುಂಚೂಣಿಯಲ್ಲಿ ನಿಲ್ಲುವವರಲ್ಲಿ ಈ ತರುಣನೊಬ್ಬನೆಂದು ಹೇಳಿದ. ಅದು ನಿಜವಾಗುವುದೋ ಇಲ್ಲವೋ, 20-17 ಎಂಬ ಅಂಕವನ್ನು ಲಕ್ಷ್ಯ ಹೇಗೆ ನೆನಪಿಟ್ಟುಕೊಳ್ಳುತ್ತಾನೆ ಎಂಬುದನ್ನು ಅವಲಂಬಿಸಿದೆ. ಗಾಯವಾಗಿಯೋ, ಪಾಠವಾಗಿಯೋ.

ಸೇತುವೆಯ ಆಚೆ ಈಚೆ

ಹುಡುಗನ ಪ್ರಶ್ನೆಗೆ ಈಗ ಮರಳಿ ಬರುತ್ತೇನೆ. ಕಿರಿಯರು ಹಿರಿಯ ಚಾಂಪಿಯನ್ನನನ್ನು ಮೀರಬಲ್ಲರೆ? ಮೀರಬಲ್ಲರು. ಆದರೆ ಕಾದು ಕುಳಿತವರಲ್ಲ. ಅವನಿಗೆ ಸೋತು, ಸೋಲಿನ ಕಾರಣವನ್ನು ತಮ್ಮಲ್ಲಿ ಕಂಡುಕೊಂಡು, ಅವನ ವಿದ್ಯೆಯನ್ನು ಕಲಿತು, ಅವನಲ್ಲಿ ಇಲ್ಲದುದನ್ನು ತಂದವರು. ಅವರಲ್ಲಿಯೂ ಎಲ್ಲರೂ ಅಲ್ಲ. ಅವನು ಹೋದಮೇಲೆ ಬರುವ ಕಪ್ಪು ಸುಳ್ಳಲ್ಲ. ಆದರೆ ಅವನು ಇರುವಾಗ ಅವನಿಂದ ದೊರೆಯಬಹುದಾದ ಪಾಠ ಆ ಕಪ್ಪಿಗಿಂತ ದೊಡ್ಡದು. ಅದು ಸದಾ ದೊರೆಯುವುದಿಲ್ಲ.

ಇಷ್ಟನ್ನೆಲ್ಲ ನಾನು ಅಂದು ಜಗುಲಿಯ ಮೇಲೆ ಹೇಳಲಿಲ್ಲ. ಹೇಳಲು ತೋಚಲೂ ಇಲ್ಲ. “ಅವನು ಕಾರವಾರದಲ್ಲೇ ಇದ್ದಾನಲ್ಲ, ಹೋಗಿ ನಿನ್ನೊಡನೆ ಆಡುತ್ತಾನೋ ಕೇಳು,” ಎಂದಷ್ಟೇ ಅಂದೆ. ಹುಡುಗ ಏನೂ ಹೇಳದೆ ಎದ್ದುಹೋದ. ವಿದ್ಯಾರ್ಥಿಗಳಿಗೆ ನಾವು ಕೊಡುವ ಎಷ್ಟೋ ಬುದ್ಧಿವಾದಗಳಂತೆ ಇದೂ ನೀರಿನಲ್ಲಿ ಹೋಯಿತೆಂದುಕೊಂಡೆ.

ಹೋಗಿರಲಿಲ್ಲ. ಎರಡು ತಿಂಗಳ ತರುವಾಯ ಒಂದು ಶನಿವಾರ ಅವರಿಬ್ಬರೂ ನಮ್ಮ ಮನೆಗೆ ಬಂದರು. ಆ ಹಿರಿಯ ಹುಡುಗ ಡಿಗ್ರಿ ಮುಗಿಸಿ ನೌಕರಿಯ ಪರೀಕ್ಷೆಗಳಿಗೆ ಓದುತ್ತಿದ್ದಾನಂತೆ. ವಾರಕ್ಕೊಮ್ಮೆ ಸೇತುವೆ ದಾಟಿ ಈ ದಡಕ್ಕೆ ಬರುತ್ತಾನೆ. ಇಬ್ಬರೂ ಕತ್ತಲಾಗುವ ತನಕ ಆಡುತ್ತಾರೆ. ಮೀನುಸಾರಿನ ಊಟ ಹುಡುಗನ ಮನೆಯಲ್ಲಿ. ಮಾತಿನ ನಡುವೆ ಹಿರಿಯವನು ನನ್ನ ವಿದ್ಯಾರ್ಥಿಯ ಮಣಿಕಟ್ಟನ್ನು ಹಿಡಿದು, ಬಲೆಯ ಬಳಿ ಅದನ್ನು ಎಷ್ಟು ತಡವಾಗಿ ತಿರುಗಿಸಬೇಕೆಂದು ತೋರಿಸುತ್ತಿದ್ದ. ತನ್ನನ್ನು ಸೋಲಿಸುವ ಬಗೆಯನ್ನು ತಾನೇ ಕಲಿಸುತ್ತಿದ್ದೇನೆಂಬ ಅರಿವು ಅವನಿಗಿತ್ತೋ ಇಲ್ಲವೋ!

ಇದುವರೆಗೆ ಇಪ್ಪತ್ತಕ್ಕೂ ಹೆಚ್ಚು ಗೇಮುಗಳನ್ನು ಆಡಿದ್ದಾರೆ. ನಮ್ಮ ಹುಡುಗ ಗೆದ್ದಿರುವುದು ಒಂದನ್ನು. ಹೊರಡುವಾಗ ಅಂಗಳದ ಮೆಟ್ಟಿಲ ಮೇಲೆ ನಿಂತು, ನಾನು ಕೇಳದೆಯೇ ಅದರ ಅಂಕವನ್ನು ಹೇಳಿದ: “ಇಪ್ಪತ್ತೊಂದು-ಹತ್ತೊಂಬತ್ತು, ಸರ್.”